ಬೋರ್ಡ್-ಬೋರಿಂಗ್, ಆಲ್ದೋ-ಡಿಸ್ಪೈಟ್: ಎರಡನ್ನೂ ಒಟ್ಟಿಗೆ ಕಲಿತ ನನ್ನ ಅನುಭವ

ಇಂಗ್ಲಿಷ್ ವ್ಯಾಕರಣದ ಎರಡು ಪಾಠಗಳನ್ನು, ಅಂದರೆ ಬೋರ್ಡ್-ಬೋರಿಂಗ್ ತರಹ ‘ಇಡಿ’ (-ed), ‘ಐಎನ್‌ಜಿ’ (-ing) ಕೊನೆಯ ವಿಶೇಷಣಗಳನ್ನೂ ಆಲ್ದೋ-ಡಿಸ್ಪೈಟ್ ತರಹ ಎದುರುಬದುರಾದ ಮಾತುಗಳನ್ನು ಜೋಡಿಸುವ ಪದಗಳನ್ನೂ, ಒಟ್ಟಿಗೆ ಹಿಡಿದರೆ ಎರಡೂ ಕೈಬಿಡುತ್ತವೆ ಎಂದು ಜೊತೆಗೆ ಕಲಿಯುತ್ತಿದ್ದವರು ಹೇಳುತ್ತಿದ್ದರು. ನನಗೆ ಒಟ್ಟಿಗೆ ಹಿಡಿದ ಮೇಲೇ ಎರಡೂ ಬಂದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಯಮಗಳು ನಿಮಗೆ ಗೊತ್ತೇ ಇವೆ. ಗೊತ್ತಿದ್ದರೂ ಮಾತಾಡುವಾಗ ತಪ್ಪುತ್ತದೆ, ಅಲ್ವಾ?

ಮೊದಲು ದುಡ್ಡಿನ ವಿಷಯ. ಒಂದು ಆ್ಯಪ್‌ಗೆ ಇಡೀ ವರ್ಷದ ಚಂದಾ ಕಟ್ಟಿದೆ. ಆಮೇಲೆ ಒಂದು ಆನ್‌ಲೈನ್ ಕೋರ್ಸ್, ಅದು ಇನ್ನೂ ಜಾಸ್ತಿ. ಎರಡರಲ್ಲೂ ಸಿಕ್ಕಿದ್ದು ಬಿಟ್ಟ ಸ್ಥಳ ತುಂಬುವ ಅಭ್ಯಾಸ, ಪಕ್ಕದಲ್ಲೇ ಎರಡು ಆಯ್ಕೆ. ಅಲ್ಲಿ ಹತ್ತಕ್ಕೆ ಒಂಬತ್ತು ಸರಿ. ಮಾತಿಗೆ ಕೂತರೆ ಹತ್ತಕ್ಕೆ ಆರೇಳು ತಪ್ಪು. ಕಣ್ಣೆದುರು ಇರುವುದನ್ನು ಆರಿಸುವುದೇ ಬೇರೆ, ತಾನಾಗಿ ಬಾಯಿಗೆ ಬರುವುದೇ ಬೇರೆ.

ಕೋರ್ಸ್‌ನಲ್ಲಿ ಹೇಳಿಕೊಟ್ಟ ಸೂತ್ರವೂ ಕೈಕೊಟ್ಟಿತು. ಮನುಷ್ಯರಿಗೆ ‘ಇಡಿ’, ವಸ್ತುಗಳಿಗೆ ‘ಐಎನ್‌ಜಿ’ ಅಂತೆ. ಮನುಷ್ಯರೂ ಬೋರಿಂಗ್ ಆಗಿರಬಹುದಲ್ಲ! ‘ಹಿ ಈಸ್ ಬೋರ್ಡ್’ ಅಂದರೆ ಅವನಿಗೆ ಬೇಜಾರು, ‘ಹಿ ಈಸ್ ಬೋರಿಂಗ್’ ಅಂದರೆ ಅವನಿಂದ ನಮಗೆ ಬೇಜಾರು. ಹಾಗಾಗಿ ಆ ಸೂತ್ರ ಬಿಟ್ಟೆ. ಭಾವನೆ ಹುಟ್ಟಿಸುವವರು ಯಾರು, ಅದು ಆಗುತ್ತಿರುವುದು ಯಾರಿಗೆ ಎಂದಷ್ಟೇ ಕೇಳಿಕೊಳ್ಳತೊಡಗಿದೆ.

ನನ್ನ ದಾರಿ ಇಷ್ಟೇ: ಒಂದೇ ವಾಕ್ಯದಲ್ಲಿ ಎರಡೂ ರೂಪ ಬರಬೇಕು, ಎರಡಕ್ಕೂ ಜಗಳ ಇರಬೇಕು. ‘ಆಲ್ದೋ ದ ಲೆಕ್ಚರ್ ವಾಸ್ ಬೋರಿಂಗ್, ಐ ವಾಸ್ ನಾಟ್ ಬೋರ್ಡ್.’ ರೂಪ ಅದಲು ಬದಲಾದರೆ ಲೆಕ್ಚರ್‌ಗೇ ಬೇಜಾರಾದಂತೆ ಆಗುತ್ತದೆ, ತಪ್ಪು ತಕ್ಷಣ ಕಿವಿಗೆ ಬೀಳುತ್ತದೆ. ಯಾರೂ ತಿದ್ದಬೇಕಾಗಿಲ್ಲ.

ಡಿಸ್ಪೈಟ್ ಇನ್ನೂ ಸೊಗಸು. ‘ಡಿಸ್ಪೈಟ್ ದ ಟೈರಿಂಗ್ ಜರ್ನಿ’ ಅಂದರೆ ಒಂದು ರೂಪ, ‘ಡಿಸ್ಪೈಟ್ ಬೀಯಿಂಗ್ ಟೈರ್ಡ್’ ಅಂದರೆ ಇನ್ನೊಂದು. ಕ್ರಿಯಾಪದ ಬರೆದಿಟ್ಟ ಒಂದೇ ಕಾರ್ಡ್‌ನಿಂದ ಎರಡೂ ಹೇಳಿಸಿಕೊಳ್ಳುತ್ತೇನೆ. ಡಿಸ್ಪೈಟ್ ಆದಮೇಲೆ ‘ಆಫ್’ ಸೇರಿಸುವ ಚಟ ಹೋಗಲು ಮಾತ್ರ ತುಂಬಾ ದಿನ ಹಿಡಿಯಿತು. ಅದು ‘ಇನ್ ಸ್ಪೈಟ್ ಆಫ್’ನಿಂದ ಬಂದದ್ದು. ಆಲ್ದೋ ಹಾಕಿದ ವಾಕ್ಯದಲ್ಲಿ ಮತ್ತೆ ‘ಬಟ್’ ಹಾಕುವುದನ್ನು ಒಂದು ವಾರದಲ್ಲೇ ಬಿಡಿಸಿದೆ. ಹೇಗೆ ಎಂಬುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ!

ಸಲಕರಣೆ ಅಂದರೆ ಖಾಲಿ ಕಾರ್ಡ್‌ಗಳು. ಒಂದು ಕಟ್ಟಿನಲ್ಲಿ ಸುಮಾರು ನಲವತ್ತು ಕ್ರಿಯಾಪದ: ಟೈರ್, ಶಾಕ್, ಕನ್ಫ್ಯೂಸ್, ಅನ್ನಾಯ್ ಹೀಗೆ. ಇನ್ನೊಂದರಲ್ಲಿ ಆಲ್ದೋ, ಡಿಸ್ಪೈಟ್, ಹೌಎವರ್, ವೇರ್‌ಆ್ಯಸ್. ಎರಡರಿಂದಲೂ ಒಂದೊಂದು ಎಳೆದು ಜೋರಾಗಿ ವಾಕ್ಯ ಹೇಳಬೇಕು. ಚಂದಾ ಕಟ್ಟಿದ ದುಡ್ಡಿನ ಮುಂದೆ ಕಾರ್ಡ್‌ಗಳ ಖರ್ಚು ಏನೂ ಅಲ್ಲ. ಎರಡು ಮೂರು ತಿಂಗಳಲ್ಲಿ ಮಾತಿನಲ್ಲೂ ಹತ್ತಕ್ಕೆ ಎಂಟು ಒಂಬತ್ತು ಸರಿ ಬಂದವು. ಒಟ್ಟಿಗೆ ಆಗುವುದಿಲ್ಲ ಅಂದಿದ್ದವರಲ್ಲಿ ಇಬ್ಬರು ಈಗ ನನ್ನ ಕಟ್ಟನ್ನೇ ನಕಲು ಮಾಡಿಕೊಂಡಿದ್ದಾರೆ.

ಕೆಲವು ಕ್ರಿಯಾಪದಗಳನ್ನು ಕಟ್ಟಿನಿಂದ ತೆಗೆದುಹಾಕಿ, ಅವುಗಳಲ್ಲಿ ‘ಇಡಿ’ಗೆ ಜೋಡಿ ‘ಐಎನ್‌ಜಿ’ ಅಲ್ಲ. ಇಂಪ್ರೆಸ್ಡ್‌ಗೆ ಜೋಡಿ ಇಂಪ್ರೆಸಿವ್, ಡಿಲೈಟೆಡ್‌ಗೆ ಡಿಲೈಟ್‌ಫುಲ್, ಸ್ಕೇರ್ಡ್‌ಗೆ ಸ್ಕೇರಿ. ಇವುಗಳಿಗೆ ಬೇರೆ ಬಣ್ಣದ ಕಾರ್ಡ್ ಮಾಡಿದ್ದೇನೆ.

ಸುಮ್ನೆ ಇರಲಿ ಅಂತ ಫೋನಿನಲ್ಲಿ ನನ್ನ ದನಿ ರೆಕಾರ್ಡ್ ಮಾಡಿ ನೋಡಿದೆ. ಬರೆಯುವಾಗ ಸರಿಯಿದ್ದ ‘ಇಡಿ’ ಮಾತಿನಲ್ಲಿ ಕೇಳಿಸುತ್ತಲೇ ಇರಲಿಲ್ಲ. ಬೋರ್ಡ್‌ನಲ್ಲಿ ಕೊನೆಗೆ ‘ಡ್’, ಶಾಕ್ಡ್‌ನಲ್ಲಿ ‘ಟ್’, ಎಕ್ಸೈಟೆಡ್‌ನಲ್ಲಿ ‘ಇಡ್’ ಎಂದು ಮೂರು ಗುಂಪು ಮಾಡಿ ಹೇಳಿಕೊಂಡೆ. ಮುಂದಿನ ಪದ ಸ್ವರದಿಂದ ಶುರುವಾದರೆ ಕೊನೆಯ ಸದ್ದು ತಾನಾಗಿ ಉಳಿಯುತ್ತದೆ. ಅದಕ್ಕೇ ‘ಬೋರ್ಡ್ ಆ್ಯಂಡ್ ಟೈರ್ಡ್’ ತರಹದ ಜೋಡಿಗಳಿಂದ ಶುರುಮಾಡಿ, ‘ಟೈರ್ಡ್ ಟೀಚರ್’ ತರಹದವನ್ನು ಕೊನೆಗೆ ಇಟ್ಟುಕೊಳ್ಳಿ.