ಬೆನ್ನುಚೀಲಕ್ಕೊಂದು ಒಲೆ: ಮೊದಲು ಇಂಧನ, ಆಮೇಲೆ ಬೆಲೆ

ಚಾರಣಕ್ಕೆ ಒಲೆ ಕೊಳ್ಳಲು ಹೊರಟವರು ಸಾಮಾನ್ಯವಾಗಿ ತೂಕವನ್ನೂ ಬೆಲೆಯನ್ನೂ ಮುಂದಿಟ್ಟುಕೊಂಡು ಹುಡುಕಾಟ ಆರಂಭಿಸುತ್ತಾರೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬೆಟ್ಟಗಳ ಕಡೆಗೆ ಬಸ್ಸಿನಲ್ಲೋ ರೈಲಿನಲ್ಲೋ ಬರುವವರು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇಳಿದ ಊರಿನಲ್ಲಿ, ಭಾನುವಾರ ಬೆಳಿಗ್ಗೆ, ಯಾವ ಇಂಧನ ಕೈಗೆ ಸಿಗುತ್ತದೆ? ಬೆಂಗಳೂರಿನ ಚಾರಣ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುವ ತಿರುಪಿನ ಗ್ಯಾಸ್ ಡಬ್ಬಿ ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಸಿಕ್ಕೀತೆಂದು ನಂಬಿ ಹೊರಡುವಂತಿಲ್ಲ. ಬೆಂಗಳೂರಿನಿಂದಲೇ ತರೋಣವೆಂದರೆ, ಗ್ಯಾಸ್, ಪೆಟ್ರೋಲ್, ಸೀಮೆಎಣ್ಣೆಯಂಥ ಉರಿಯುವ ವಸ್ತುಗಳನ್ನು ರೈಲಿನಲ್ಲಿ ಒಯ್ಯುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಬಸ್ಸಿನಲ್ಲಿ ಒಯ್ಯುವುದೂ ತರವಲ್ಲ. ಹೀಗಾಗಿ ಒಲೆಯನ್ನು ಖಾಲಿಯಾಗಿ ತಂದು, ಇಂಧನವನ್ನು ಇಲ್ಲೇ ಕೊಳ್ಳಬೇಕಾಗುತ್ತದೆ. ಒಂದಕ್ಕಿಂತ ಹೆಚ್ಚು ಇಂಧನಗಳಿಂದ ಉರಿಯುವ ಮಲ್ಟಿಫ್ಯೂಯೆಲ್ ಸ್ಟೌವಿನ ಮಾತು ಬರುವುದೇ ಈ ಕಾರಣಕ್ಕೆ.

ಎಲ್ಲಿ ಹೊತ್ತಿಸುತ್ತೀರಿ?

ಕೊಳ್ಳುವ ಮುನ್ನವೇ ಇದನ್ನು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಾಗಲಿ, ಕುದುರೆಮುಖದ ಶ್ರೇಣಿಯಾಗಲಿ ಒಲೆ ಹಚ್ಚುವ ಜಾಗಗಳಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಚಾರಣಿಗರು ರಾತ್ರಿ ಬಿಡಾರ ಹೂಡಲು ಅವಕಾಶವಿಲ್ಲ, ಅಭಯಾರಣ್ಯಗಳಲ್ಲಿ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ನಿಷೇಧಿಸುತ್ತದೆ. ಜನವರಿ ಕಳೆದ ಮೇಲೆ ಶೋಲಾ ಕಾಡಿನ ಅಂಚಿನ ಹುಲ್ಲುಗಾವಲು ಒಣಗಿ ನಿಂತಿರುವಾಗ ಒಂದು ಕಿಡಿ ಇಡೀ ಗುಡ್ಡವನ್ನು ಸುಡಬಲ್ಲದು ಎಂಬುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಒಲೆ ಕೆಲಸಕ್ಕೆ ಬರುವುದು ಮಾಲೀಕರ ಒಪ್ಪಿಗೆ ಪಡೆದ ಕಾಫಿ ತೋಟದ ಕಣದಲ್ಲಿ, ಹೋಂಸ್ಟೇ ಅಂಗಳದಲ್ಲಿ, ಅರಣ್ಯ ಇಲಾಖೆ ಅನುಮತಿಸಿದ ತಂಗುದಾಣದಲ್ಲಿ, ಮತ್ತು ವರ್ಷಕ್ಕೊಮ್ಮೆ ಹಿಮಾಲಯದ ಕಡೆ ಹೋಗುವವರಿಗೆ ಅಲ್ಲಿ.

ಎಲ್ಲಿಗೆ, ಎಷ್ಟು ಸಲ ಹೋಗುತ್ತೀರಿ ಎಂಬುದು ಮುಖ್ಯ. ನಿಮ್ಮ ಚಾರಣ ವರ್ಷಕ್ಕೆ ಒಂದೆರಡು ರಾತ್ರಿಗಳದ್ದಾಗಿದ್ದರೆ, ಅದೂ ಸ್ವಂತ ವಾಹನದಲ್ಲಾದರೆ, ಮಲ್ಟಿಫ್ಯೂಯೆಲ್ ಒಲೆಗೆ ಹಣ ಹಾಕುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಡಬ್ಬಿಯ ಮೇಲೆ ತಿರುಗಿಸಿ ಕೂರಿಸುವ ಸಣ್ಣ ಗ್ಯಾಸ್ ಬರ್ನರ್ ನಿಮಗೆ ಸಾಕು. ಚೀನಾದ ಬಿಆರ್‌ಎಸ್ ಕಂಪನಿಯ 3000ಟಿಯಂಥದ್ದರ ತೂಕ ಬರೀ 25 ಗ್ರಾಂ. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಯ ಹತ್ತಿರದಲ್ಲಿ ಆವಿಯಾಗುವುದನ್ನು ನಿಲ್ಲಿಸುತ್ತದೆ ಎಂಬ ಕಾರಣಕ್ಕೆ ಹಿಮಾಲಯದಲ್ಲಿ ಅದು ಕೈಕೊಡುತ್ತದೆಯೇ ಹೊರತು, ನಮ್ಮ ಗಿರಿಗಳ ಡಿಸೆಂಬರ್ ಚಳಿಯಲ್ಲಿ ಉರಿ ಸ್ವಲ್ಪ ಸಣ್ಣಗಾದೀತು, ಅಷ್ಟೆ. ಪದೇ ಪದೇ ಹೋಗುವವರು, ಬಸ್ಸು ರೈಲುಗಳನ್ನೇ ನಂಬಿದವರು, ನಾಲ್ಕಾರು ಜನಕ್ಕೆ ಅಡುಗೆ ಮಾಡಬೇಕಾದವರು ಮುಂದಕ್ಕೆ ಓದಬಹುದು.

ಇಲ್ಲಿ ಸಿಗುವ ಇಂಧನ ಯಾವುದು?

ಒಲೆಯ ಪೆಟ್ಟಿಗೆಯ ಮೇಲೆ ಐದಾರು ಇಂಧನಗಳ ಹೆಸರಿರುತ್ತದೆ. ಅವುಗಳಲ್ಲಿ ಮೊದಲು ಬರುವ ವೈಟ್ ಗ್ಯಾಸ್ ಹೆಸರಿನಲ್ಲಿ ಮಾತ್ರ ಗ್ಯಾಸ್. ಅದು ಶುದ್ಧೀಕರಿಸಿದ, ಪೆಟ್ರೋಲಿನಂಥ ದ್ರವ. ಅಮೆರಿಕದಲ್ಲಿ ಅಂಗಡಿ ಅಂಗಡಿಯಲ್ಲಿ ಸಿಗುವ ಅದನ್ನು ಹಾಸನದ ಮಾರುಕಟ್ಟೆಯಲ್ಲಿ ಹುಡುಕುವುದು ಬೇಡ. ಜೆಟ್ ಇಂಧನದ ಹೆಸರನ್ನೂ ಹಾಗೆಯೇ ಬಿಟ್ಟುಬಿಡಬಹುದು. ಡೀಸೆಲ್ ಎಲ್ಲೆಡೆ ಸಿಗುತ್ತದಾದರೂ ಹೊತ್ತಿಸುವುದು ತ್ರಾಸ, ಮಸಿ ವಿಪರೀತ, ವಾಸನೆ ಚೀಲಕ್ಕೆ ಅಂಟಿದರೆ ಬಿಡುವುದಿಲ್ಲ. ಉಳಿಯುವುದು ಪೆಟ್ರೋಲ್, ಸೀಮೆಎಣ್ಣೆ, ಗ್ಯಾಸ್ ಡಬ್ಬಿ.

ಸೀಮೆಎಣ್ಣೆ ಈ ಒಲೆಗಳ ಮೂಲ ಇಂಧನ. ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್ ಒಲೆಯ ತತ್ವವೇ ನಮ್ಮ ಅಜ್ಜಿಯರ ಅಡುಗೆಮನೆಯ ಪಂಪ್ ಸ್ಟೌವಿನಲ್ಲೂ ಇತ್ತು, ಇಂದಿನ ಚಾರಣದ ಒಲೆಯಲ್ಲೂ ಇದೆ: ಗಾಳಿಯ ಒತ್ತಡದಿಂದ ಎಣ್ಣೆ ಬಿಸಿ ಕೊಳವೆಗೆ ಏರಿ, ಅಲ್ಲಿ ಆವಿಯಾಗಿ, ಸಣ್ಣ ರಂಧ್ರದಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತದೆ. ಸೀಮೆಎಣ್ಣೆ ಸುಲಭವಾಗಿ ಹೊತ್ತಿಕೊಳ್ಳದ ಕಾರಣ ಸುರಕ್ಷಿತ. ಅದೇ ಕಾರಣಕ್ಕೆ ಬರ್ನರನ್ನು ಮೊದಲೇ ಚೆನ್ನಾಗಿ ಕಾಯಿಸದಿದ್ದರೆ ಹೊಗೆಯುಗುಳುತ್ತದೆ. ತೊಂದರೆಯಿರುವುದು ಪೂರೈಕೆಯಲ್ಲಿ. ನ್ಯಾಯಬೆಲೆ ಅಂಗಡಿಗಳಲ್ಲಿ ನೀಲಿ ಬಣ್ಣ ಬೆರೆಸಿ ಕೊಡುತ್ತಿದ್ದ ಸೀಮೆಎಣ್ಣೆ ಈಗ ಅಪರೂಪ, ಸಿಕ್ಕರೂ ಅದು ಪಡಿತರ ಚೀಟಿದಾರರ ಪಾಲು. ಮುಕ್ತ ಮಾರುಕಟ್ಟೆಯ ಬಿಳಿ ಸೀಮೆಎಣ್ಣೆ ಸಿಗುವ ಅಂಗಡಿ ನಿಮಗೆ ಗೊತ್ತಿದ್ದರೆ ಅದಕ್ಕಿಂತ ಒಳ್ಳೆಯ ಇಂಧನವಿಲ್ಲ. ಗೊತ್ತಿಲ್ಲದಿದ್ದರೆ ಅದನ್ನೇ ನೆಚ್ಚಿ ಒಲೆ ಕೊಳ್ಳಬೇಡಿ. ಸೀಮೆಎಣ್ಣೆ ಸಿಗಲಿಲ್ಲವೆಂದು ಪೇಂಟ್ ಅಂಗಡಿಯ ಥಿನ್ನರ್ ಸುರಿಯುವವರಿದ್ದಾರೆ. ಅದರ ಹೊಗೆ ವಿಷ, ಅದನ್ನು ಒಲೆಯ ಹತ್ತಿರವೂ ತರಬಾರದು.

ಆದ್ದರಿಂದ ಈ ಭಾಗದಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಪೆಟ್ರೋಲ್. ಆಲ್ದೂರಿನಿಂದ ಕಳಸದವರೆಗೆ, ಬೇಲೂರಿನಿಂದ ಸಕಲೇಶಪುರದವರೆಗೆ ದಾರಿಯಲ್ಲಿ ಬಂಕ್ ಸಿಗುತ್ತದೆ. ಎರಡು ಸಂಗತಿಗಳನ್ನು ಮಾತ್ರ ನೆನಪಿಡಬೇಕು. ಮೊದಲನೆಯದು, ಪೆಟ್ರೋಲನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿಕೊಳ್ಳುವಂತಿಲ್ಲ. ಪರವಾನಗಿಯಿಲ್ಲದೆ ಸ್ವಂತಕ್ಕೆ ಇಟ್ಟುಕೊಳ್ಳುವ ಅಲ್ಪ ಪ್ರಮಾಣದ ಪೆಟ್ರೋಲ್ ಕೂಡ ಬಿಗಿ ಮುಚ್ಚಳದ ಲೋಹದ, ಗಾಜಿನ ಅಥವಾ ಪಿಂಗಾಣಿಯ ಪಾತ್ರೆಯಲ್ಲಿರಬೇಕೆಂದು 1934ರ ಪೆಟ್ರೋಲಿಯಂ ಕಾಯ್ದೆ ಹೇಳುತ್ತದೆ. ಒಲೆಯ ಲೋಹದ ಬಾಟಲಿ ತೋರಿಸಿದರೂ ಬಂಕಿನವರು ನಿರಾಕರಿಸಬಹುದು, ಅವರೊಡನೆ ವಾದ ಬೇಡ. ಬೈಕಿನಲ್ಲಿ ಬಂದ ಸ್ನೇಹಿತರಿದ್ದರೆ ಟ್ಯಾಂಕಿನಿಂದ ಕಾಲು ಲೀಟರ್ ಇಳಿಸಿಕೊಳ್ಳುವುದು ಸುಲಭ. ಎರಡನೆಯದು, ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿನ ಶಾಖ ಕಡಿಮೆ, ಆದ್ದರಿಂದ ಅಷ್ಟೇ ಅಡುಗೆಗೆ ಇಂಧನ ತುಸು ಹೆಚ್ಚು ಬೇಕು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ಒಲೆಯ ವಾಷರುಗಳು ಎಥನಾಲ್ ತಾಳುತ್ತವೆಯೇ ಎಂದು ಮಾರುವವರನ್ನು ಕೇಳಿ, ಉತ್ತರ ತೊದಲಿದರೆ ಒಂದು ಜೊತೆ ವಾಷರ್ ಹೆಚ್ಚಿಗೆ ಕೊಳ್ಳಿ.

ಗ್ಯಾಸ್ ಡಬ್ಬಿಯಲ್ಲಿ ಎರಡು ಬಗೆ. ಒಂದು ತಿರುಪಿನದು, ಇನ್ನೊಂದು ಮೇಜಿನ ಮೇಲಿಡುವ ಒಲೆಗಳಿಗೆ ಬಳಸುವ, ಉದ್ದನೆಯ, ಸುಮಾರು 220 ಗ್ರಾಂ ಬ್ಯೂಟೇನಿನ ಅಗ್ಗದ ಡಬ್ಬಿ. ಎರಡನೆಯದನ್ನು ತಿರುಪಿನ ಒಲೆಗೆ ಜೋಡಿಸಲು ಅಡಾಪ್ಟರ್ ಬೇಕು. ಮನೆಯ ಸಿಲಿಂಡರಿನಿಂದ ಈ ಡಬ್ಬಿಗಳಿಗೆ ಗ್ಯಾಸ್ ತುಂಬುವ ಸಾಹಸ ಮಾತ್ರ ಖಂಡಿತ ಬೇಡ. ಅಡುಗೆ ಅನಿಲದಲ್ಲಿ ಪ್ರೊಪೇನ್ ಕೂಡ ಇರುವುದರಿಂದ ಅದರ ಒತ್ತಡ ಹೆಚ್ಚು, ತೆಳು ತಗಡು ಅದನ್ನು ತಾಳದು.

ಯಾವ ಒಲೆ?

ಇಷ್ಟು ತಿಳಿದ ಮೇಲೆ ನೀವು ಕೊಳ್ಳಬೇಕಾದದ್ದು ಪೆಟ್ರೋಲ್ ಮತ್ತು ಗ್ಯಾಸ್, ಸಾಧ್ಯವಾದರೆ ಸೀಮೆಎಣ್ಣೆಗೂ ಹೊಂದುವ ಒಲೆ ಎಂಬುದು ಸ್ಪಷ್ಟವಾಗುತ್ತದೆ. ಅದಕ್ಕಿಂತ ಹೆಚ್ಚಿನ ಇಂಧನಗಳಿಗೆ ತೆರುವ ಹಣ ಪೆಟ್ಟಿಗೆಯ ಮೇಲಿನ ಅಕ್ಷರಗಳಿಗೆ ತೆರುವ ಹಣ. ಎಂಎಸ್‌ಆರ್ ಕಂಪನಿಯ ವಿಸ್ಪರ್‌ಲೈಟ್ ಇಂಟರ್‌ನ್ಯಾಷನಲ್ ದ್ರವ ಇಂಧನಗಳಿಗೆ ಮಾತ್ರ. ಅದರ ಯೂನಿವರ್ಸಲ್ ಮಾದರಿ ಗ್ಯಾಸಿಗೂ ಆಗುತ್ತದೆ. ಅದೇ ಕಂಪನಿಯ ಡ್ರ್ಯಾಗನ್‌ಫ್ಲೈ ಸಣ್ಣ ಉರಿಗೆ ಹೆಸರುವಾಸಿ, ಸದ್ದಿಗೂ ಅಷ್ಟೇ ಹೆಸರುವಾಸಿ. ಪ್ರೈಮಸ್ ಓಮ್ನಿಫ್ಯೂಯೆಲ್ ಒಲೆಗೆ ಇಂಧನಕ್ಕೆ ತಕ್ಕಂತೆ ನಾಜಲ್, ಅಂದರೆ ಇಂಧನ ಚಿಮ್ಮುವ ರಂಧ್ರದ ತುದಿ, ಬದಲಿಸಬೇಕು: ಗ್ಯಾಸಿಗೆ 0.45, ವೈಟ್ ಗ್ಯಾಸಿಗೆ 0.37, ಸೀಮೆಎಣ್ಣೆ ಮತ್ತು ಡೀಸೆಲಿಗೆ 0.28 ಮಿ.ಮೀ. ಇವೆಲ್ಲ ಆಮದಿನ ಸರಕಾದ್ದರಿಂದ ಬೆಲೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಚೀನಾದ ಬಿಆರ್‌ಎಸ್ 8 ಮಾದರಿ ಇವುಗಳಿಗಿಂತ ಬಹಳ ಅಗ್ಗ, ಪೆಟ್ರೋಲ್, ಸೀಮೆಎಣ್ಣೆ, ಗ್ಯಾಸ್ ಮೂರಕ್ಕೂ ಆಗುತ್ತದೆ. ಕೈಯಲ್ಲಿ ಸ್ಪ್ಯಾನರ್ ಹಿಡಿಯಲು ಹಿಂಜರಿಯದ ಮಿತವ್ಯಯಿಗಳಿಗೆ ನಾನು ಸೂಚಿಸುವುದು ಅದನ್ನೇ. ಸಣ್ಣ ರಿಪೇರಿಗೂ ಹೆದರುವವರು ನಾಲ್ವರು ಸೇರಿ ಹಣ ಹಾಕಿ ದುಬಾರಿಯದನ್ನು ಕೊಳ್ಳುವುದು ಮೇಲು.

ಬೆಲೆ ಹೋಲಿಸುವಾಗ ಪೆಟ್ಟಿಗೆಯಲ್ಲಿ ಏನೇನಿದೆ ಎಂದು ನೋಡಬೇಕು. ಅನೇಕ ಒಲೆಗಳ ಜೊತೆ ಇಂಧನದ ಬಾಟಲಿ ಬರುವುದಿಲ್ಲ, ಅದರ ಬೆಲೆ ಸೇರಿಸಿದಾಗ ಅಗ್ಗದ್ದು ಅಗ್ಗವಾಗಿ ಉಳಿಯದೇ ಹೋಗಬಹುದು. ನೀರು ಕುಡಿಯುವ ಅಲ್ಯೂಮಿನಿಯಂ ಬಾಟಲಿಯನ್ನು ಅದರ ಬದಲಿಗೆ ಬಳಸುವಂತಿಲ್ಲ; ಅದು ಒತ್ತಡ ತಾಳಲು ಮಾಡಿದ್ದಲ್ಲ. ಪಂಪಿನ ತಿರುಪು ಬಾಟಲಿಯ ತಿರುಪಿಗೆ ಕೂಡಬೇಕು, ಒಂದು ಕಂಪನಿಯ ಪಂಪ್ ಇನ್ನೊಂದರ ಬಾಟಲಿಗೆ ಕೂತಂತೆ ಕಂಡರೂ ಸೋರಬಹುದು. ನಾಜಲ್ ಶುಚಿ ಮಾಡುವ ಪಿನ್ ಒಲೆಯೊಳಗೇ ಇದೆಯೇ, ಬಿಚ್ಚುವ ಸ್ಪ್ಯಾನರ್ ಕೊಟ್ಟಿದ್ದಾರೆಯೇ, ರಬ್ಬರ್ ರಿಂಗ್ ಮತ್ತು ಪಂಪಿನ ವಾಷರ್ ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸಿ. ಬಿಡಿಭಾಗ ಸಿಗದ ಒಲೆ ಎಷ್ಟೇ ಅಗ್ಗವಾದರೂ ಬೇಡ.

ಇನ್ನೊಂದು ವಿಷಯ ನಮ್ಮ ಅಡುಗೆಗೆ ಸಂಬಂಧಿಸಿದ್ದು. ಈ ಒಲೆಗಳಲ್ಲಿ ಹೆಚ್ಚಿನವು ನೀರು ಕುದಿಸಲು ಮಾಡಿದವು, ಉರಿ ತಗ್ಗಿಸಿದರೆ ಆರಿಹೋಗುತ್ತವೆ. ಕಾಫಿ, ಉಪ್ಪಿಟ್ಟು, ಮ್ಯಾಗಿಗೆ ಅಡ್ಡಿಯಿಲ್ಲ. ಬೆಳಗ್ಗೆ ಅಕ್ಕಿರೊಟ್ಟಿ ತಟ್ಟುವ ಆಸೆಯಿದ್ದರೆ ಬರ್ನರಿನ ಹತ್ತಿರವೇ ಎರಡನೆಯ ವಾಲ್ವ್ ಇರುವ ಒಲೆ ಬೇಕು. ಮುಳ್ಳಯ್ಯನಗಿರಿಯ ಎತ್ತರದಲ್ಲಿ ನೀರು 94 ಡಿಗ್ರಿಯೊಳಗೇ ಕುದಿಯುವುದರಿಂದ ಅನ್ನ, ಬೇಳೆ ನಿಧಾನ; ಅಂಥ ಎತ್ತರದ ತಂಗುದಾಣಕ್ಕೆ ಸಣ್ಣ ಕುಕ್ಕರ್ ಒಯ್ಯುವವರು ಅದು ಒಲೆಯ ಕಾಲುಗಳ ಮೇಲೆ ಅಲುಗದೆ ನಿಲ್ಲುತ್ತದೆಯೇ ಎಂದು ಅಂಗಡಿಯಲ್ಲೇ ಇಟ್ಟು ನೋಡಲಿ.

ಮನೆಯಂಗಳದಲ್ಲಿ ಮೊದಲ ಬಾರಿ

ಬೆಟ್ಟಕ್ಕೆ ಹೋಗಿ ಕಲಿಯುವ ಕೆಲಸವಲ್ಲ ಇದು. ಬಾಟಲಿಯನ್ನು ಮುಕ್ಕಾಲು ಭಾಗ ಮಾತ್ರ ತುಂಬಿ. ಮೇಲಿನ ಖಾಲಿ ಜಾಗದಲ್ಲೇ ಒತ್ತಡ ಕೂರಬೇಕು. ಪಂಪ್ ಬಿಗಿಮಾಡಿ ಇಪ್ಪತ್ತು ಸಲ ಒತ್ತಿ, ಎಲ್ಲೂ ಇಂಧನ ಒಸರುತ್ತಿಲ್ಲವೆಂದು ಬೆರಳಾಡಿಸಿ ಖಚಿತಪಡಿಸಿಕೊಳ್ಳಿ. ಪಂಪ್ ಒತ್ತಿದರೂ ಗಾಳಿ ಕಟ್ಟದಿದ್ದರೆ ತೊಗಲಿನ ವಾಷರ್ ಒಣಗಿದೆ ಎಂದರ್ಥ, ಒಂದು ಹನಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ. ಬಳಿಕ ವಾಲ್ವನ್ನು ಅರೆಕ್ಷಣ ತೆರೆದು ಅರ್ಧ ಚಮಚದಷ್ಟು ಇಂಧನವನ್ನು ಬರ್ನರಿನ ಕೆಳಗಿನ ಬಟ್ಟಲಿಗೆ ಇಳಿಸಿ ಮುಚ್ಚಿ, ಮುಖವನ್ನು ದೂರವಿಟ್ಟು ಹೊತ್ತಿಸಿ. ಹಳದಿ ಜ್ವಾಲೆ ಒಂದಡಿ ಎದ್ದೀತು, ಗಾಬರಿ ಬೇಡ. ಅದು ಆರುವ ಹಂತಕ್ಕೆ ಬಂದಾಗ ವಾಲ್ವನ್ನು ಮೆಲ್ಲಗೆ ತೆರೆದರೆ ಭುಸ್ ಎಂಬ ಸದ್ದಿನೊಡನೆ ನೀಲಿ ಉರಿ ಬರುತ್ತದೆ. ಹಳದಿಯಾಗಿಯೇ ಉಳಿದರೆ ಬರ್ನರ್ ಕಾದಿಲ್ಲ. ಆರಿಸಿ, ಪೂರ್ತಿ ತಣಿದ ಮೇಲೆ ಮತ್ತೆ ಮೊದಲಿನಿಂದ. ಬಿಸಿ ಬರ್ನರಿಗೆ ಪೆಟ್ರೋಲ್ ಬಿಡುವುದು, ಉರಿಯುತ್ತಿರುವಾಗ ಬಾಟಲಿ ಬಿಚ್ಚುವುದು, ಟೆಂಟಿನೊಳಗೆ ಒಲೆ ಹಚ್ಚುವುದು, ಈ ಮೂರೂ ಪ್ರಾಣಕ್ಕೆ ಎರವಾಗುವ ಕೆಲಸಗಳು. ಟೆಂಟಿನಲ್ಲಿ ಬೆಂಕಿಯ ಭಯದ ಜೊತೆಗೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಇದೆ. ಮಳೆ ಸುರಿಯುತ್ತಿದೆ ಎಂಬುದು ಅದಕ್ಕೆ ನೆಪವಾಗಬಾರದು.

ಗುಡ್ಡದ ಗಾಳಿಗೆ ಮರೆ ಇಲ್ಲದಿದ್ದರೆ ಯಾವ ಒಲೆಯೂ ಸೋಲುತ್ತದೆ. ದಪ್ಪ ಅಲ್ಯೂಮಿನಿಯಂ ಹಾಳೆಯ ಮರೆ ಸಾಕು, ಆದರೆ ಇಂಧನದ ಬಾಟಲಿ ಅದರ ಹೊರಗಿರಬೇಕು. ಡಬ್ಬಿಯ ಮೇಲೇ ಕೂರುವ ಗ್ಯಾಸ್ ಬರ್ನರಿಗೆ ಸುತ್ತಲೂ ಮರೆ ಕಟ್ಟಿದರೆ ಡಬ್ಬಿ ಕಾದು ಸಿಡಿಯಬಹುದು.

ಎಷ್ಟು ಇಂಧನ ಬೇಕೆಂಬ ಲೆಕ್ಕ ಕಷ್ಟದ್ದಲ್ಲ. 20 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಸಲು ಸುಮಾರು 335 ಕಿಲೋಜೂಲ್ ಶಾಖ ಬೇಕು. ಒಂದು ಗ್ರಾಂ ಸೀಮೆಎಣ್ಣೆ ಕೊಡುವುದು ಸುಮಾರು 43. ಅರ್ಧದಷ್ಟು ಶಾಖ ಗಾಳಿಗೆ ಹೋಗುತ್ತದೆಂದರೂ ಲೀಟರಿಗೆ ಸುಮಾರು 16 ಗ್ರಾಂ, ಅಂದರೆ ಸುಮಾರು 20 ಮಿಲಿಲೀಟರಿನಲ್ಲೇ ಆಗುತ್ತದೆ. ಎರಡು ಹೊತ್ತಿನ ಅಡುಗೆ, ಕಾಫಿ ಸೇರಿ ಒಬ್ಬರಿಗೆ ದಿನಕ್ಕೆ 100 ಮಿಲಿಲೀಟರ್ ಧಾರಾಳ, ಪೆಟ್ರೋಲಾದರೆ ಸ್ವಲ್ಪ ಮೇಲೆ. ಇಬ್ಬರ ವಾರಾಂತ್ಯಕ್ಕೆ ಅರ್ಧ ಲೀಟರ್ ಸಾಕಾದ್ದರಿಂದ ಒಂದು ಲೀಟರಿನ ಬಾಟಲಿ ಹೊರುವ ಅಗತ್ಯವಿಲ್ಲ.

ಹಿಂದಿರುಗುವ ಮುನ್ನ ಉಳಿದ ಪೆಟ್ರೋಲನ್ನು ಜೊತೆಯವರ ಬೈಕಿನ ಟ್ಯಾಂಕಿಗೆ ಸುರಿದುಬಿಡಿ. ತೋಟದ ಮಣ್ಣಿಗಾಗಲಿ ಹಳ್ಳಕ್ಕಾಗಲಿ ಚೆಲ್ಲಬೇಡಿ. ಬಾಟಲಿಯನ್ನು ಬಾಯ್ದೆರೆದು ಗಾಳಿಗಿಟ್ಟು, ವಾಸನೆ ಪೂರ್ತಿ ಹೋದ ಮೇಲಷ್ಟೇ ಚೀಲಕ್ಕೆ ಹಾಕಿ. ಮಳೆಗಾಲದ ನಾಲ್ಕು ತಿಂಗಳು ಒಲೆಯನ್ನು ಅಟ್ಟದ ಮೇಲಿಡುವವರು ಪಂಪನ್ನು ಬಾಟಲಿಯಿಂದ ಬೇರ್ಪಡಿಸಿ, ವಾಷರಿಗೆ ಎಣ್ಣೆ ಸವರಿ, ಎಲ್ಲವನ್ನೂ ಒಣ ಬಟ್ಟೆಯಲ್ಲಿ ಸುತ್ತಿಟ್ಟು, ಅಕ್ಟೋಬರಿನ ಮೊದಲ ಚಾರಣಕ್ಕೆ ಒಂದು ವಾರ ಮುಂಚೆ ಅಂಗಳದಲ್ಲಿ ಮತ್ತೊಮ್ಮೆ ಹೊತ್ತಿಸಿ ನೋಡಬೇಕು. ವಾಷರ್ ತರಿಸಬೇಕಾಗಿ ಬಂದರೆ ಅಷ್ಟು ಸಮಯ ಬೇಕಾಗುತ್ತದೆ.