ಫೋನ್ ಇಡೋಕೆ ಬಿಡದವರು

ಆ ದಿನ ಸಂಜೆ ನಾನು ಒಳಗೆ ಬಂದಾಗ ಅಪ್ಪ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದರು. ಪರದೆಯ ಮೇಲೆ ಮೌಸಿನ ಬಾಣ ಅತ್ತಿಂದಿತ್ತ ಓಡಾಡುತ್ತಿತ್ತು. ಅಪ್ಪನ ಎರಡೂ ಕೈ ತೊಡೆಯ ಮೇಲಿದ್ದವು.

ಏನು, ಎತ್ತ ಅಂತ ಕೇಳದೆ ಮೋಡೆಮ್‌ನ ವೈರ್ ಕಿತ್ತೆ. ಬಾಣ ಇದ್ದಲ್ಲೇ ನಿಂತಿತು. "ರಿಪೇರಿ ನಡೀತಾ ಇದೆ ಕಣೇ, ಸುಮ್ನಿರು" ಅಂತ ಅಪ್ಪ ನನ್ನ ಮೇಲೇ ರೇಗಿದರು. ಫೋನಿನಿಂದ ಸಣ್ಣಗೆ ಕೇಳಿಸುತ್ತಿತ್ತು: "ಸರ್, ಪಕ್ಕದಲ್ಲಿ ಯಾರಿದ್ದಾರೆ? ಅವರಿಗೆ ಏನೂ ಹೇಳೋಕೆ ಹೋಗಬೇಡಿ, ಲೈನ್‌ನಲ್ಲೇ ಇರಿ." ಆ ಮಾತಿಗೆ ಅಪ್ಪನ ಮುಖ ಬದಲಾಯಿತು. ರಿಪೇರಿಯವನಿಗೆ ಮಗಳ ಹತ್ತಿರ ಮುಚ್ಚಿಡುವಂಥದ್ದು ಏನಿದ್ದೀತು?

ನಡೆದದ್ದು ಇಷ್ಟು. ಏನೋ ಹುಡುಕುತ್ತಿದ್ದಾಗ ಪರದೆ ತುಂಬ ಕೆಂಪು ಎಚ್ಚರಿಕೆ, ಸೈರನ್ ಸದ್ದು, "ಕಂಪ್ಯೂಟರ್ ಆಫ್ ಮಾಡಬೇಡಿ, ಈ ನಂಬರಿಗೆ ಕರೆ ಮಾಡಿ" ಎಂಬ ಸಾಲು. ಅದು ವೈರಸ್ ಅಲ್ಲ, ಪೂರ್ತಿ ಪರದೆಗೆ ಹಿಗ್ಗಿಸಿದ ಒಂದು ವೆಬ್ ಪುಟ ಅಷ್ಟೆ. ಎಸ್ಕೇಪ್ ಕೀ ಒತ್ತಿ ಹಿಡಿದರೆ, ಅದಕ್ಕೂ ಬಗ್ಗದಿದ್ದರೆ ಆಲ್ಟ್ ಜೊತೆ ಎಫ್4 ಒತ್ತಿದರೆ ಸಾಮಾನ್ಯವಾಗಿ ಹೋಗುತ್ತದೆ. ಏನೂ ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಮತ್ತೆ ಬ್ರೌಸರ್ ತೆರೆದಾಗ ಹಿಂದಿನ ಪುಟಗಳನ್ನು ಮರಳಿ ತರಲೇ ಎಂದು ಕೇಳಿದರೆ ಬೇಡ ಅನ್ನಿ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ.

"ಕರೆ ಮಾಡಿದ್ದು ನಾನೇ ಅಲ್ವಾ, ಅವರಲ್ಲವಲ್ಲ" ಅನ್ನುವುದು ಅಪ್ಪನ ವಾದ. ನಿಜ. ಅದೇ ಆ ಪುಟದ ಜಾಣತನ. ತಾನಾಗಿ ಬಂದ ಕರೆಯಾಗಿದ್ದರೆ ಅವರು ಅನುಮಾನಪಡುತ್ತಿದ್ದರು.

ಆಮೇಲೆ ಫೋನಿನಲ್ಲಿದ್ದವನು, ವಿಂಡೋಸ್ ತನ್ನೊಳಗಿನ ಸಣ್ಣಪುಟ್ಟ ದೋಷಗಳನ್ನೂ ಬರೆದಿಡುವ ಇವೆಂಟ್ ವ್ಯೂವರ್ ತೆರೆಸಿ, ಸಾಲುಸಾಲು ಕೆಂಪು ಗುರುತು ತೋರಿಸಿ ಇವೆಲ್ಲ ಕಳ್ಳರು ನುಗ್ಗಿದ ಕುರುಹು ಅಂದಿದ್ದ. ಆದೇಶ ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ, ಫೈಲುಗಳ ಬಗೆಗಳನ್ನು ಪಟ್ಟಿ ಮಾಡುವ ಅಸೋಕ್ (assoc) ಎಂಬ ಆದೇಶ ಕೊಡಿಸಿ, ಕೊನೆಯಲ್ಲಿ ಬರುವ ಉದ್ದದ ಸಂಖ್ಯೆಯನ್ನು ತಾನೇ ಗಟ್ಟಿಯಾಗಿ ಓದಿದ್ದ. "ಇದು ನಿಮ್ಮ ಕಂಪ್ಯೂಟರಿನ ಗುರುತಿನ ಸಂಖ್ಯೆ, ನಮ್ಮಲ್ಲೂ ಇದೇ ಇದೆ, ನೋಡಿಕೊಳ್ಳಿ." ಅಪ್ಪ ಬಿದ್ದದ್ದು ಅಲ್ಲಿ. ತನ್ನ ಕಂಪ್ಯೂಟರಿನ ಒಳಗಿನ ಸಂಖ್ಯೆ ಕಂಪನಿಯವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ರಾತ್ರಿ ನನ್ನ ಲ್ಯಾಪ್‌ಟಾಪನ್ನು ಅವರದರ ಪಕ್ಕಕ್ಕಿಟ್ಟು ಅದೇ ಆದೇಶ ಕೊಟ್ಟೆ. 888ಡಿಸಿಎ60 ಅಂತ ಶುರುವಾಗುವ ಅದೇ ಸಂಖ್ಯೆ. ಅಪ್ಪ ಕನ್ನಡಕ ಏರಿಸಿ, ಎರಡೂ ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಹೋಲಿಸಿ ನೋಡಿದರು. ವಿಂಡೋಸ್ ಇರುವ ಯಾವ ಕಂಪ್ಯೂಟರಿನಲ್ಲಾದರೂ ಆ ಸಂಖ್ಯೆ ಅದೇ. ಕೆಂಪು ಗುರುತುಗಳೂ ಅಷ್ಟೆ, ಏನೂ ಕೆಡದ ನನ್ನ ಲ್ಯಾಪ್‌ಟಾಪಿನಲ್ಲಿ ಅವು ಇನ್ನೂ ಹೆಚ್ಚಿದ್ದವು. "ಹಾಗಾದ್ರೆ ಎಲ್ಲರಿಗೂ ಇದನ್ನೇ ಓದಿ ಹೇಳ್ತಾನಾ?" ಅಂದು ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ನಾನು ಕೊಟ್ಟ ಯಾವ ಉಪನ್ಯಾಸವೂ ಮಾಡದ ಕೆಲಸವನ್ನು ಆ ಹತ್ತು ನಿಮಿಷ ಮಾಡಿತು.

ಹಣ ಹೋಗಿರಲಿಲ್ಲ. ಆದರೂ ಬೇರೆ ಫೋನಿನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿದೆವು, ಮಿಕ್ಕೆಲ್ಲ ಪಾಸ್‌ವರ್ಡುಗಳ ಕೀಲಿ ಅದರಲ್ಲೇ ಇರುವುದರಿಂದ. ಎಲ್ಲ ಸಾಧನಗಳಿಂದಲೂ ಲಾಗ್ ಔಟ್ ಕೊಟ್ಟು, ಬ್ಯಾಂಕಿಗೆ ತಿಳಿಸಿ ಆನ್‌ಲೈನ್ ವ್ಯವಹಾರ ನಿಲ್ಲಿಸಿದೆವು. ದೂರದಿಂದಲೇ ಕಂಪ್ಯೂಟರ್ ನಡೆಸಲು ಅವನು ಹಾಕಿಸಿದ್ದ ರಿಮೋಟ್ ಆ್ಯಪನ್ನು ಅಳಿಸಿದರೆ ಸಾಕು ಅನ್ನುವವರಿದ್ದಾರೆ. ನನಗೆ ಸಮಾಧಾನವಾಗಲಿಲ್ಲ. ಫೋಟೋ, ಕಾಗದಪತ್ರಗಳನ್ನು ಹೊರಗೆ ತೆಗೆದಿಟ್ಟು ವಿಂಡೋಸನ್ನೇ ಹೊಸದಾಗಿ ಹಾಕಿದೆ. ಒಂದಿಡೀ ರಜಾದಿನ ಹೋಯಿತು. ಪ್ರಿಂಟರ್ ಅಂದು ಮುನಿಸಿಕೊಂಡದ್ದು ಇನ್ನೂ ಸರಿಹೋಗಿಲ್ಲ.

ಕರೆ ಮುಂದುವರಿದಿದ್ದರೆ ಏನಾಗುತ್ತಿತ್ತು ಅಂತಲೂ ಅಪ್ಪನಿಗೆ ತೋರಿಸಿದೆ. ಇಂಥವರು "ಹಣ ವಾಪಸ್ ಮಾಡ್ತೀವಿ" ಅಂತ ಬ್ಯಾಂಕಿನ ಪುಟ ತೆರೆಸುತ್ತಾರೆ. ನಾನು ಅಪ್ಪನ ಖಾತೆಯ ಪುಟದಲ್ಲಿ ಉಳಿದಿರುವ ಹಣದ ಮೊತ್ತದ ಮೇಲೆ ಬಲ ಕ್ಲಿಕ್ ಮಾಡಿ, ಪುಟ ನಮ್ಮ ಪರದೆಯಲ್ಲಿ ಕಾಣುವುದನ್ನಷ್ಟೇ ಬದಲಿಸಲು ಬಿಡುವ ಇನ್ಸ್ಪೆಕ್ಟ್ ಒತ್ತಿ, ಮೊತ್ತಕ್ಕೆ ಎರಡು ಸೊನ್ನೆ ಸೇರಿಸಿದೆ. ಪರದೆಯಲ್ಲಿ ಅಪ್ಪ ದಿಢೀರ್ ಶ್ರೀಮಂತರಾದರು. ರಿಫ್ರೆಶ್ ಒತ್ತಿದ ಕೂಡಲೇ ಮೊದಲಿನಂತಾದರು. "ಅಯ್ಯೋ, ಜಾಸ್ತಿ ಬಂದುಬಿಟ್ಟಿದೆ, ನನ್ನ ಕೆಲಸ ಹೋಗುತ್ತೆ, ಉಳಿದದ್ದು ತಿರುಗಿ ಕಳಿಸಿ" ಎಂದು ಅಳುವವನು ಕೇಳುವುದು ಈ ಇಲ್ಲದ ಸೊನ್ನೆಗಳ ಹಣವನ್ನೇ.

ಇದಕ್ಕೂ ಮೊದಲು ನಾನೊಂದು ತಪ್ಪು ಮಾಡಿದ್ದೆ. ಹದಿನೆಂಟು ಸಾಲಿನ ಎಚ್ಚರಿಕೆ ಪಟ್ಟಿ ಬರೆದು ಫ್ರಿಜ್‌ಗೆ ಅಂಟಿಸಿದ್ದೆ. ಅಕ್ಷರ ತಪ್ಪು ನೋಡಿ, ಅಪರಿಚಿತ ನಂಬರ್ ನೋಡಿ, ಬೀಗದ ಚಿಹ್ನೆ ನೋಡಿ ಇತ್ಯಾದಿ. ಅರ್ಧಕ್ಕರ್ಧ ಕೆಲಸಕ್ಕೆ ಬಾರದವು. ಈಗಿನ ಮೋಸದ ಮೆಸೇಜುಗಳಲ್ಲಿ ನನ್ನ ಬರಹಕ್ಕಿಂತ ತಪ್ಪು ಕಡಿಮೆ. ಕರೆ ಬರುವಾಗ ಕಾಣುವ ನಂಬರನ್ನು ನಕಲು ಮಾಡಬಹುದು. ಕಳಿಸಿದವರ ಹೆಸರನ್ನು ನಕಲು ಮಾಡಿದ ಎಸ್‌ಎಂಎಸ್, ಬ್ಯಾಂಕಿನ ಅಸಲಿ ಮೆಸೇಜುಗಳ ಸಾಲಿನಲ್ಲೇ ಹೋಗಿ ಕೂರುತ್ತದೆ. ಬೀಗದ ಚಿಹ್ನೆ ಹೇಳುವುದು ಸಂಪರ್ಕ ಗುಪ್ತವಾಗಿದೆ ಅಂತ ಮಾತ್ರ, ಆ ಕಡೆ ಇರುವವನು ಸಾಚಾ ಅಂತಲ್ಲ. 2023ರಲ್ಲಿ ಕ್ರೋಮ್ ಆ ಬೀಗವನ್ನೇ ತೆಗೆದು ಬೇರೆ ಗುರುತು ಇಟ್ಟಿತು.

ಪಟ್ಟಿ ಕಿತ್ತು ಒಂದೇ ಸಾಲು ಬರೆದೆ: "ಇಡು, ನಂಬರ್ ನೀನೇ ಹುಡುಕು, ಆಮೇಲೆ ಮಾಡು." ಯಾರೇ ಕರೆ ಮಾಡಲಿ, ಪೊಲೀಸ್ ಅನ್ನಲಿ, ಬ್ಯಾಂಕ್ ಅನ್ನಲಿ, ಫೋನ್ ಇಡುವುದು. ಕಾರ್ಡಿನ ಹಿಂದೆಯೋ ಹಳೆಯ ಬಿಲ್ಲಿನಲ್ಲೋ ಇರುವ ನಂಬರಿಗೆ ನಾವೇ ಕರೆ ಮಾಡುವುದು. ಅವರು ಕೊಟ್ಟ ನಂಬರಿಗಲ್ಲ, ಗೂಗಲ್‌ನಲ್ಲಿ ಮೇಲೆ ಕಂಡ ಜಾಹೀರಾತಿನ ನಂಬರಿಗೂ ಅಲ್ಲ. ಅಸಲಿಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಫೋನ್ ಇಡೋಕೆ ಬಿಡದಿದ್ದರೆ, ಯಾರಿಗೂ ಹೇಳಬೇಡಿ ಅಂದರೆ, ಉಳಿದದ್ದನ್ನು ಪರೀಕ್ಷೆ ಮಾಡುತ್ತ ಕೂರಬೇಕಾಗಿಲ್ಲ.

ಫೋನುಗಳಲ್ಲಿ ಒಂದೆರಡು ಕೆಲಸವನ್ನು ನಾನೇ ಮಾಡಿಟ್ಟೆ. ಆ್ಯಪ್ ಅಂಗಡಿಯ ಹೊರಗಿಂದ ಬರುವ ಎಪಿಕೆ ಫೈಲುಗಳನ್ನು, ಅಂದರೆ ಫೈಲಿನ ರೂಪದಲ್ಲಿ ಬರುವ ಆ್ಯಪುಗಳನ್ನು, ಹಾಕಿಕೊಳ್ಳುವ ಅನುಮತಿ ತೆಗೆದೆ. ಮದುವೆ ಕರೆಯೋಲೆ ಎಂದು ಬಂದರೂ ಸರಿ, ಚಿತ್ರ ನೋಡಲು ಆ್ಯಪ್ ಬೇಕಿಲ್ಲ. ಆ್ಯಕ್ಸೆಸಿಬಿಲಿಟಿ ಅನುಮತಿ ಯಾವ ಆ್ಯಪಿಗಿದೆ ಎಂದು ನೋಡಿದೆ, ಅದು ಸಿಕ್ಕ ಆ್ಯಪ್ ಪರದೆ ಓದಬಲ್ಲದು, ನಮ್ಮ ಬದಲು ಬಟನ್ ಕೂಡ ಒತ್ತಬಲ್ಲದು. *#21# ಒತ್ತಿ, ಕರೆಗಳು ಬೇರೆ ನಂಬರಿಗೆ ತಿರುಗಿವೆಯೇ ಎಂದು ಪರೀಕ್ಷಿಸಿದೆ. ಪಾಸ್‌ವರ್ಡುಗಳನ್ನು, ಅವನ್ನು ನೆನಪಿಟ್ಟುಕೊಂಡು ತಾನೇ ತುಂಬುವ ಪಾಸ್‌ವರ್ಡ್ ಮ್ಯಾನೇಜರಿಗೆ ಒಪ್ಪಿಸಿದೆ. ಕಣ್ಣಿಗೆ ಒಂದೇ ಥರ ಕಾಣುವ ನಕಲಿ ಪುಟದಲ್ಲಿ ನಾವು ಮೋಸಹೋದರೂ ವಿಳಾಸ ಬೇರೆಯಾದ್ದರಿಂದ ಅದು ಪಾಸ್‌ವರ್ಡ್ ತುಂಬುವುದಿಲ್ಲ.

ಇದು ನನ್ನನ್ನೇ ಒಮ್ಮೆ ಕಾಪಾಡಿದೆ. ಪಾರ್ಸೆಲ್ ಒಂದಕ್ಕೆ ಕಾಯುತ್ತಿದ್ದ ದಿನವೇ "ವಿಳಾಸ ಸರಿಯಿಲ್ಲ" ಎಂಬ ಮೆಸೇಜ್ ಬಂತು. ಇಷ್ಟೆಲ್ಲ ಪಾಠ ಹೇಳುವ ನಾನು ಲಿಂಕ್ ಒತ್ತಿ ಲಾಗಿನ್ ಪುಟದವರೆಗೂ ಹೋಗಿದ್ದೆ. ಪಾಸ್‌ವರ್ಡ್ ಯಾಕೆ ತಾನಾಗಿ ತುಂಬುತ್ತಿಲ್ಲ ಎಂದು ಸಿಡುಕಿಕೊಂಡಾಗ ಎಚ್ಚರವಾಯಿತು. ಈ ಕಥೆ ಅಪ್ಪನಿಗೆ ಬಲು ಇಷ್ಟ, ಬಂದವರಿಗೆಲ್ಲ ಹೇಳುತ್ತಾರೆ.

ಧ್ವನಿಯನ್ನೂ ನಕಲು ಮಾಡುವ ಕಾಲವಾದ್ದರಿಂದ ಮನೆಯವರಿಗಷ್ಟೇ ಗೊತ್ತಿರುವ ಒಂದು ಮಾತು ಇಟ್ಟುಕೊಂಡಿದ್ದೇವೆ. ಅಳುತ್ತಾ ಹಣ ಕೇಳಿದವರು ಅದನ್ನು ಹೇಳಬೇಕು. ಅಮ್ಮ ಅದನ್ನು ಎರಡು ಸಲ ಮರೆತು, ಕೊನೆಗೆ ತಾನೇ ಒಂದು ಆರಿಸಿದ್ದಾಳೆ. ಅಜ್ಜಿ ಬಯ್ಯುವಾಗ ಬಳಸುತ್ತಿದ್ದ ಪದ, ಇಲ್ಲಿ ಬರೆಯುವಂಥದ್ದಲ್ಲ.

ಎರಡು ವಾರದ ನಂತರ ಇನ್ನೊಬ್ಬ ಕರೆ ಮಾಡಿ, "ನಿಮಗೆ ಮೋಸವಾಗಿದೆಯಂತೆ, ಹಣ ಬಿಡಿಸಿಕೊಡ್ತೀವಿ, ಸ್ವಲ್ಪ ಶುಲ್ಕ ಕಟ್ಟಿ" ಅಂದ. ಒಮ್ಮೆ ಸಿಕ್ಕಿಬಿದ್ದವರ ನಂಬರ್ ಕೈಯಿಂದ ಕೈಗೆ ಮಾರಾಟವಾಗುತ್ತದೆ. ಅಮ್ಮ, "ನಮ್ಮ ಹಣ ಹೋಗೇ ಇಲ್ವಲ್ಲಪ್ಪ, ಯಾರದ್ದು ತಂದುಕೊಡ್ತೀಯಾ?" ಎಂದು ಇಟ್ಟಳು.

ಮೊನ್ನೆ ಬ್ಯಾಂಕಿನಿಂದ ಎಂದು ಕರೆ ಬಂತು. ಅವರು ಎರಡನೇ ವಾಕ್ಯ ಶುರು ಮಾಡುವಷ್ಟರಲ್ಲಿ ಅಪ್ಪ ಇಟ್ಟುಬಿಟ್ಟರು. ಕಾರ್ಡಿನ ಹಿಂದಿನ ನಂಬರ್ ಸವೆದುಹೋಗಿತ್ತು. ಭೂತಗನ್ನಡಿ ಹಿಡಿದು, ನನ್ನಿಂದ ಮತ್ತೊಮ್ಮೆ ಓದಿಸಿ, ಕರೆ ಮಾಡಿದರು. ಅವಧಿ ಮುಗಿಯುತ್ತಿದ್ದ ಕಾರ್ಡಿನ ವಿಷಯಕ್ಕೆ ನಿಜವಾಗಿಯೂ ಬ್ಯಾಂಕೇ ಕರೆ ಮಾಡಿತ್ತಂತೆ.

"ನಾವು ಆಗಲೇ ಮಾಡಿದ್ವಿ ಸರ್, ನೀವೇ ಕಟ್ ಮಾಡಿದ್ರಂತೆ" ಎಂದಳು ಆ ಹುಡುಗಿ.

"ಹೌದಮ್ಮ, ಮಾಡಿದೆ. ಈಗ ಹೇಳು."