ಶಿಲುಬೆಯ ಹಾದಿಗೆ ತ್ರಿಪದಿ ಕಟ್ಟಿದ್ದು

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಂದು ಚರ್ಚಿನಲ್ಲಿ ನಾವು ಶಿಲುಬೆಯ ಹಾದಿ ನಡೆಯುತ್ತೇವೆ, ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಪ್ರಾರ್ಥನೆ ಅದು. ಒಟ್ಟು 14 ಸ್ಥಳಗಳು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಒಂದೊಂದು ಚರಣ ಹಾಡು. ಹಾಡಿನ ಮಾತು ಕನ್ನಡ, ರಾಗ ಮಾತ್ರ ಪಶ್ಚಿಮದ್ದು. ಆ ರಾಗದ ಲೆಕ್ಕಕ್ಕೆ ‘ಮಗ’ ‘ಮಾಗಾ’ ಆಗುತ್ತಿದ್ದ, ‘ಮರ’ ‘ಮಾರಾ’ ಆಗುತ್ತಿತ್ತು. ಹಾವೇರಿಯ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನ ಕಿವಿಗೆ ಇದು ಹಲ್ಲಿಗೆ ಸಿಕ್ಕ ಕಲ್ಲು. ದೂರುವ ಬದಲು ನಾನೇ ಬರೆಯೋಣವೆಂದು ಒಂದು ವರ್ಷ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಸಂಜೆ ಕುಳಿತೆ.

ಮೊದಲು ಬರೆದದ್ದೆಲ್ಲ ‘ಕರುಣಾಸಾಗರ’, ‘ಪಾಪವಿಮೋಚಕ’ ಎಂಬ ಧಾಟಿಯದು. ಓದಿದರೆ ಸನ್ಮಾನಪತ್ರದ ಹಾಗೆ ಕೇಳುತ್ತಿತ್ತು. ಹರಿದು ಹಾಕಿದೆ.

ದಾರಿ ತೋರಿಸಿದ್ದು ಒಂದು ಲ್ಯಾಟಿನ್ ಹಾಡು. ಶಿಲುಬೆಯ ಹಾದಿಯ ಜೊತೆಗೆ ಬಹುಕಾಲದಿಂದ ಹಾಡುತ್ತ ಬಂದಿರುವ ‘ಸ್ತಾಬಾತ್ ಮಾತೆರ್’ 13ನೆಯ ಶತಮಾನದ್ದೆಂದು ಹೇಳುತ್ತಾರೆ. ಅದರಲ್ಲಿ 20 ಚರಣಗಳು, ಪ್ರತಿ ಚರಣಕ್ಕೆ ಮೂರೇ ಸಾಲು. ಅಕ್ಷರ ಎಣಿಸಿದೆ: 8, 8, 7. ಮೂರನೆಯ ಸಾಲು ಗಿಡ್ಡ! ನಮ್ಮ ತ್ರಿಪದಿಯೂ ಹಾಗೆಯೇ ತಾನೇ? ನಾಲ್ಕು ಗಣ, ನಾಲ್ಕು ಗಣ, ಕೊನೆಗೆ ಮೂರು. ಸರ್ವಜ್ಞನ ಅಬಲೂರು ಇರುವ ಜಿಲ್ಲೆಯಲ್ಲಿ ಹುಟ್ಟಿ, ಅವ್ವ ಬೀಸುವ ಕಲ್ಲಿನ ಮುಂದೆ ಹಾಡಿದ್ದನ್ನು ಕೇಳಿ ಬೆಳೆದವನಿಗೆ ಇದು ಹೊಳೆಯಲು ಅರವತ್ತು ದಾಟಬೇಕಾಯಿತು.

ಛಂದಸ್ಸು ಸಿಕ್ಕಿತು, ಹೆಸರುಗಳು ಕಾಡಿದವು. ಯೇಸುವಿಗೆ ಮರಣದಂಡನೆ ವಿಧಿಸಿದ ಪಿಲಾತ, ಯೇಸುವಿನ ಶಿಲುಬೆಗೆ ಹೆಗಲು ಕೊಟ್ಟ ಸಿಮೋನ, ಎರಡೂ ಲಘು-ಗುರುವಿನಿಂದ ಶುರುವಾಗುವ ಹೆಸರುಗಳು. ಕನ್ನಡದ ಗಣದ ತಲೆಯಲ್ಲಿ ಅಂಥದ್ದನ್ನಿಟ್ಟರೆ ಓಟ ಎಡವುತ್ತದೆ. ಎರಡು ವಾರ ಒದ್ದಾಡಿ ಹೆಸರುಗಳನ್ನೇ ಬಿಟ್ಟೆ. ಪಿಲಾತ ‘ಕೈ ತೊಳೆದ ದೊರೆ’ಯಾದ. ಸಿಮೋನ ಹೊಲದಿಂದ ಬರುತ್ತಿದ್ದ ಎಂದು ಬೈಬಲಿನ ಮಾರ್ಕನ ಶುಭಸಂದೇಶದಲ್ಲೇ ಇದೆ. ಹಾಗಾಗಿ ಅವನು ‘ಹೊಲದಿಂದ ಬಂದವನು’. ಐದು ಮಾತ್ರೆ, ಮತ್ತೆ ಐದು ಮಾತ್ರೆ, ಅಳೆದು ಕೊಟ್ಟ ಹಾಗೆ. ಅವನ ಹೆಗಲ ಮೇಲೆ ಶಿಲುಬೆ ಬಂದಾಗ ನಮ್ಮ ಕಡೆಯ ರೈತನೇ ನೊಗ ಹೊತ್ತಂತೆ ಕಂಡಿತು. ಹೆಸರು ಬೇಕೇ ಬೇಕೆಂದು ಕೆಲವರು ಇಂದಿಗೂ ಆಕ್ಷೇಪಿಸುತ್ತಾರೆ. ನಾನು ಬದಲಿಸಿಲ್ಲ.

ಬದಲಿಸಿದ್ದು ಹನ್ನೆರಡನೆಯ ಸ್ಥಳದ ತ್ರಿಪದಿಯನ್ನು. ಶಿಲುಬೆಯ ಬುಡದಲ್ಲಿ ಮಾತೆ ಮರಿಯಮ್ಮ. ಕೊನೆಯ ಸಾಲನ್ನು ‘ಎತ್ತಲಾರದೆಯೆ ಅತ್ತಳು’ ಎಂದು ಮುಗಿಸಿ ಬಹಳ ಹಿಗ್ಗಿದ್ದೆ. ಚರ್ಚಿನ ಗುರುಗಳು ಓದಿ, “ಮೇಷ್ಟರೇ, ಯೊವಾನ್ನನ ಶುಭಸಂದೇಶದ 19ನೆಯ ಅಧ್ಯಾಯ ನೋಡಿ. ತಾಯಿ ನಿಂತಿದ್ದಳು ಎಂದಿದೆ. ಅತ್ತಳು ಎಂದು ಎಲ್ಲಿದೆ?” ಎಂದು ಕೇಳಿದರು. ‘ನಿಂತಿದ್ದಳೆಂದು ಓದುತ್ತೇನೆ, ಅತ್ತಳೆಂದು ಓದುವುದಿಲ್ಲ’ ಎಂದು ಸಂತ ಅಂಬ್ರೋಸರು 4ನೆಯ ಶತಮಾನದಲ್ಲೇ ಹೇಳಿದ್ದಾರಂತೆ. ನನಗೆ ನಾಚಿಕೆಯಾಯಿತು. ‘ಸ್ತಾಬಾತ್’ ಎಂದರೇ ‘ನಿಂತಿದ್ದಳು’. ಆ ಹಾಡಿನ ಮೊದಲ ಮಾತನ್ನೇ ನಾನು ಮರೆತಿದ್ದೆ. ನನ್ನ ಮರಿಯಮ್ಮನ ಕಣ್ಣೀರು ತಂದದ್ದು ಶುಭಸಂದೇಶವಲ್ಲ, ‘ಎತ್ತ’ಕ್ಕೆ ‘ಅತ್ತ’ ಎಂಬ ಪ್ರಾಸ. ತಿದ್ದಿದೆ:

ಹೆತ್ತವಳ ಕಣ್ಣೆದುರು ಹೊತ್ತ ಮರ ನಿಂತಿರಲು
ತುತ್ತುಣಿಸಿದಂಥ ಕೈ ಚಾಚಿ ಮಗನನ್ನು
ಎತ್ತಲಾರದೆಯೆ ನಿಂತಳು

ರಾಗ ಅವ್ವನದೇ. ಹಾಡಿಸಲು ಪುಟ್ಟ ಮಕ್ಕಳನ್ನೂ ಮೂವರು ಹಿರಿಯ ಹೆಂಗಸರನ್ನೂ ಕೂಡಿಸಿದೆ. ಮಕ್ಕಳಿಗೆ ಕಾಗದ ಬೇಕಾಯಿತು. ಹೆಂಗಸರಿಗೆ ಬೇಕಾಗಲಿಲ್ಲ, ಎರಡು ಸಲ ಕೇಳಿದ್ದೇ ಹಿಡಿದುಬಿಟ್ಟರು. ತ್ರಿಪದಿ ಹಾಡುವವರು ಎರಡನೆಯ ಸಾಲಿನ ಮೊದಲ ಮೂರು ಗಣಗಳನ್ನು ಮತ್ತೊಮ್ಮೆ ಹೇಳಿ ಮೂರನೆಯ ಸಾಲಿಗೆ ಇಳಿಯುತ್ತಾರೆ. ಅದನ್ನು ನಾನು ಕಲಿಸಲಿಲ್ಲ, ಅವರಿಗೆ ಗೊತ್ತಿತ್ತು. ಹಾಗೆ ಮರಳಿ ಹಾಡಿದಾಗ ನಾಲ್ಕನೆಯ ಗಣ ಬಿಟ್ಟುಹೋಗುತ್ತದೆ. ಆ ಗಣ ‘ಮಗನನ್ನು’. ‘ತುತ್ತುಣಿಸಿದಂಥ ಕೈ ಚಾಚಿ, ಎತ್ತಲಾರದೆಯೆ ನಿಂತಳು.’ ಬರೆಯುವಾಗ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಶುಭ ಶುಕ್ರವಾರ ಹನ್ನೆರಡನೆಯ ಸ್ಥಳದ ಮುಂದೆ ಮೊಣಕಾಲೂರಿದ್ದಾಗ, ಹಿಂದಿನ ಸಾಲಿನಿಂದ ಆ ಹೆಂಗಸರ ದನಿಯಲ್ಲಿ ಕೇಳಿದೆ. ಮಗನಿರಲಿಲ್ಲ, ಚಾಚಿದ ಕೈ ಮಾತ್ರ ಇತ್ತು.